ಬಿಪಿ ನೋಡಿದ ಮೇಲೆ ಏನು?

(ವಿಶ್ವ ಫಾರ್ಮಸಿಸ್ಟರ ದಿನದಂದು ಮೆಡಿಕಲ್ ಶಾಪಿನವರು, ಡಿ.ಫಾರ್ಮ್ ವಿದ್ಯಾರ್ಥಿಗಳು ಮತ್ತು ಊರಿನವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಮೊದಲು ಬರುವ ಹೆಸರು ಗ್ಯಾಸ್ಟ್ರಿಕ್. ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೇ ಎದೆ ಹಿಡಿದ ಹಾಗಾಗಿದೆ ಅನ್ನುತ್ತಾರೆ. ಡಾಕ್ಟರ ಹತ್ತಿರ ಹೋಗುವುದಿಲ್ಲ. ಸೀದಾ ನಮ್ಮ ಅಂಗಡಿಗೆ ಬಂದು, "ಅಣ್ಣಾ, ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ" ಅನ್ನುತ್ತಾರೆ. ಹೆಚ್ಚಿನ ಸಲ ಅದು ಗ್ಯಾಸ್ಟ್ರಿಕ್ಕೇ ಆಗಿರುತ್ತದೆ. ಕೆಲವು ಸಲ ಆಗಿರುವುದಿಲ್ಲ. ಮಾತ್ರೆ ಕೊಟ್ಟು ಚಿಲ್ಲರೆ ಎಣಿಸುವ ಅರ್ಧ ನಿಮಿಷದಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಆ ಕೆಲವರಲ್ಲಿ ಒಬ್ಬರನ್ನಾದರೂ ಹಿಡಿಯಬಹುದು. ನಡೆದರೆ, ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುತ್ತಾ? ಕೂತರೆ ಕಡಿಮೆ ಆಗುತ್ತಾ? ದವಡೆಗೋ ಎಡಗೈಗೋ ಎಳೆದ ಹಾಗಾಗುತ್ತಾ? ಬೆವರು ಬಂತಾ? ಹೌದು ಅಂದರೆ ಮಾತ್ರೆ ಪಕ್ಕಕ್ಕಿಡಿ. ಇಸಿಜಿ ಇರುವ ಆಸ್ಪತ್ರೆಗೆ ಆಗಲೇ ಕಳಿಸಿ, ಒಬ್ಬರನ್ನೇ ಕಳಿಸಬೇಡಿ. ನಮ್ಮ ರಾಜ್ಯದಲ್ಲಿ ಹೃದಯ ಜ್ಯೋತಿ ಯೋಜನೆ ಇದೆ, ಪುನೀತ್ ರಾಜ್‌ಕುಮಾರ್ ಹೆಸರಿನದು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಆದರೆ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕಲ್ಲ? ಶುಗರ್ ಇರುವವರಿಗೆ ಎಷ್ಟೋ ಸಲ ಎದೆನೋವೇ ಬರುವುದಿಲ್ಲ. ಸುಸ್ತು, ಉಬ್ಬಸ, ಬೆವರು, ಅಷ್ಟೇ. ಹೆಂಗಸರಲ್ಲೂ ಹೀಗಾಗುವುದುಂಟು.

ಇದು ಬೆಂಕಿ ಬಿದ್ದ ಮೇಲಿನ ಮಾತಾಯಿತು. ನಾನು ಇವತ್ತು ಜಾಸ್ತಿ ಹೊತ್ತು ಮಾತಾಡಬೇಕು ಅಂದುಕೊಂಡಿರುವುದು ಅದಕ್ಕೆ ಹತ್ತು ವರ್ಷ ಮೊದಲಿನ ಸಂಗತಿ. ಯಾರಿಗೆ ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ ಅಂತ ಮೊದಲೇ ಕಂಡುಹಿಡಿಯುವುದು. ಆ ಕೆಲಸದಲ್ಲಿ ಮೆಡಿಕಲ್ ಶಾಪಿನ ಪಾಲೇನು ಅನ್ನುವುದು.

2025ರ ಬೇಸಿಗೆ ಕೊನೆಯಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಷ್ಟರಲ್ಲಿ ಜನ ಹೆದರಿ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿದ್ದರು. ಗಾಬರಿ ಬೇಡ ಅಂತ ಡಾಕ್ಟರುಗಳೇ ಹೇಳಬೇಕಾಯಿತು. ಆ ಭಯ ನನಗೆ ಅರ್ಥವಾಗುತ್ತದೆ. ಮನೆಯ ದುಡಿಯುವ ಮಗ ನಲವತ್ತಕ್ಕೇ ಹೋದರೆ ಆ ಮನೆ ಏನಾಗಬೇಕು? ಆದರೆ ಆ ಸಾಲಿನಲ್ಲಿ ನಿಂತ ಎಷ್ಟೋ ಜನಕ್ಕೆ ಬೇಕಾಗಿದ್ದುದು ಒಂದು ಇಸಿಜಿ, "ನಾರ್ಮಲ್" ಅನ್ನುವ ಒಂದು ಮಾತು. ಇಸಿಜಿ ಆ ಗಳಿಗೆಯಲ್ಲಿ ಹೃದಯ ಹೇಗಿದೆ ಅಂತ ಹೇಳುತ್ತದೆ. ಇನ್ನು ಐದು ವರ್ಷಕ್ಕೆ ಏನಾದೀತು ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವುದು ಬಿಪಿ, ಶುಗರ್, ಬೀಡಿ ಸಿಗರೇಟು, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೀಗಾಗಿತ್ತಾ ಅನ್ನುವ ಸಂಗತಿ. ಇವುಗಳಲ್ಲಿ ಹೆಚ್ಚಿನವನ್ನು ನಮ್ಮ ಕೌಂಟರಿನಲ್ಲೇ ಕೇಳಿ, ಅಳೆದು ತಿಳಿಯಬಹುದು.

ಇಂಟರ್‌ಹಾರ್ಟ್ ಅಂತ ಒಂದು ದೊಡ್ಡ ಅಧ್ಯಯನ 2004ರಲ್ಲಿ ಬಂತು. 52 ದೇಶಗಳಲ್ಲಿ ಮಾಡಿದ್ದು. ಮೊದಲ ಹೃದಯಾಘಾತದ ಹಿಂದಿನ ಅಪಾಯದಲ್ಲಿ ಸುಮಾರು ಶೇ. 90ರಷ್ಟಕ್ಕೆ ಒಂಬತ್ತೇ ಕಾರಣ ಅಂತ ಅದು ತೋರಿಸಿತು. ಎಲ್ಲವೂ ನಮಗೆ ಗೊತ್ತಿರುವವೇ. ಅದೇ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬಂದ ಮಧ್ಯಾಂಕ ವಯಸ್ಸು (ಅರ್ಧ ಜನಕ್ಕೆ ಅದಕ್ಕಿಂತ ಮೊದಲು, ಅರ್ಧ ಜನಕ್ಕೆ ಆಮೇಲೆ) 53, ಬೇರೆಯವರಿಗೆ 59ರ ಹತ್ತಿರ. ಆರು ವರ್ಷ ಮೊದಲು! ಇನ್ನು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅನ್ನುವ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ. 35.5 ಜನಕ್ಕೆ ಬಿಪಿ ಜಾಸ್ತಿ ಇದೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಬಿಪಿ ನೋಯುವುದಿಲ್ಲ, ಉರಿಯುವುದಿಲ್ಲ. ಹಾಗಾಗಿ ಅವರಲ್ಲಿ ತುಂಬ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ. ಡಾಕ್ಟರ ಹತ್ತಿರ ಅವರು ಯಾಕೆ ಹೋಗುತ್ತಾರೆ? ಆದರೆ ನಮ್ಮ ಅಂಗಡಿಗೆ ಬರುತ್ತಾರೆ. ಮಗುವಿನ ಜ್ವರದ ಸಿರಪ್‌ಗೆ, ಅತ್ತೆಯ ಶುಗರ್ ಮಾತ್ರೆಗೆ, ತಮ್ಮ ಸೊಂಟನೋವಿನ ಮಾತ್ರೆಗೆ.

ಅಂಗಡಿಯಲ್ಲಿ ಒಂದು ಮೆಷಿನ್ ಇಟ್ಟರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ನಾನು ಹೇಳಬೇಕೆಂದಿರುವುದೇ ಅಲ್ಲಿ ಶುರುವಾಗುತ್ತದೆ. ಇದನ್ನು ಮಾಡಿ ನೋಡಿದ ಎರಡು ದೇಶಗಳ ಕಥೆ ಕೇಳಿ.

ಕೆನಡಾದ ಒಂಟಾರಿಯೋ ಪ್ರಾಂತ್ಯ. 2006. ಮಧ್ಯಮ ಗಾತ್ರದ 39 ಊರುಗಳನ್ನು ಆರಿಸಿ, ಅದರಲ್ಲಿ 20 ಊರುಗಳನ್ನು ಚೀಟಿ ಎತ್ತಿದ ಹಾಗೆ ಬೇರೆ ಮಾಡಿದರು. ಆ 20 ಊರುಗಳಲ್ಲಿ 65 ದಾಟಿದವರಿಗೆ ಹತ್ತು ವಾರ ಮೆಡಿಕಲ್ ಶಾಪುಗಳಲ್ಲಿ ಹೃದಯದ ತಪಾಸಣೆ ನಡೆಯಿತು. ಉಳಿದ 19 ಊರುಗಳಲ್ಲಿ ಎಂದಿನಂತೆ. 129 ಫಾರ್ಮಸಿಗಳು ಸೇರಿಕೊಂಡವು. ಬಿಪಿ ನೋಡಲು ಸಹಾಯ ಮಾಡಿದವರು ಅದೇ ಊರುಗಳ 577 ಸ್ವಯಂಸೇವಕರು. ತಪಾಸಣೆಗೆ ಬಂದವರು 15,889 ಜನ. ಕೆಲವರು ಒಂದಕ್ಕಿಂತ ಹೆಚ್ಚು ಸಲ ಬಂದರು, ಹಾಗಾಗಿ ಒಟ್ಟು 27,358 ತಪಾಸಣೆಗಳಾದವು. ಕರೆ ಹೋದದ್ದು ಅವರವರ ಫ್ಯಾಮಿಲಿ ಡಾಕ್ಟರ ಕಡೆಯಿಂದ. ಬಂದ ನಂಬರು ವಾಪಸ್ ಹೋದದ್ದೂ ಅದೇ ಡಾಕ್ಟರಿಗೆ, ಜೊತೆಗೆ ಅವರು ಮಾತ್ರೆ ತೆಗೆದುಕೊಳ್ಳುವ ಫಾರ್ಮಸಿಸ್ಟರಿಗೆ. ಮುಂದಿನ ವರ್ಷ ಲೆಕ್ಕ ಹಾಕಿದಾಗ, ಹೃದಯಾಘಾತ, ಪಾರ್ಶ್ವವಾಯು, ಹಾರ್ಟ್ ಫೇಲ್ಯೂರ್ ಅಂತ ಆಸ್ಪತ್ರೆ ಸೇರುವವರು ಆ 20 ಊರುಗಳಲ್ಲಿ ಶೇ. 9 ಕಡಿಮೆಯಾಗಿದ್ದರು. ಸಾವಿರ ಹಿರಿಯರಿಗೆ ವರ್ಷಕ್ಕೆ ಸುಮಾರು ಮೂರು ಆಸ್ಪತ್ರೆ ದಾಖಲಾತಿ ತಪ್ಪಿತು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು. ಸಾವಿರಕ್ಕೆ ಮೂರು ಅಂದರೆ ಚಿಕ್ಕದು ಅನಿಸಬಹುದು. ಒಂದು ತಾಲೂಕಿನ ಹಿರಿಯರ ಲೆಕ್ಕ ಹಾಕಿ ನೋಡಿ, ಆಗ ಗೊತ್ತಾಗುತ್ತದೆ.

ಇನ್ನೊಂದು ಡೆನ್ಮಾರ್ಕಿನದು, ಕೋಪನ್‌ಹೇಗನ್ ಸುತ್ತಮುತ್ತಲಿನದು. 1999ರಲ್ಲಿ ಶುರು ಮಾಡಿದರು, ಅದಕ್ಕೇ ಇಂಟರ್99 ಅಂತ ಹೆಸರು. 30ರಿಂದ 60 ವರ್ಷದ ಸುಮಾರು 60 ಸಾವಿರ ಜನರ ಲೆಕ್ಕ. ಒಂದು ಗುಂಪನ್ನು ಕರೆದು ಬಿಪಿ, ಕೊಲೆಸ್ಟ್ರಾಲ್ ಎಲ್ಲ ನೋಡಿದರು. ಅಪಾಯ ಎಷ್ಟಿದೆ ಅಂತ ಹೇಳಿದರು. ಊಟ, ವ್ಯಾಯಾಮ, ಸಿಗರೇಟು ಬಿಡುವ ಬಗ್ಗೆ ಐದು ವರ್ಷ ಸಲಹೆ ಕೊಟ್ಟರು. ಶ್ರದ್ಧೆಯಿಂದಲೇ ಮಾಡಿದ ಕೆಲಸ. ಹತ್ತು ವರ್ಷದ ನಂತರ ನೋಡಿದರೆ ಹೃದಯದ ಕಾಯಿಲೆಯಲ್ಲಾಗಲಿ, ಪಾರ್ಶ್ವವಾಯುವಿನಲ್ಲಾಗಲಿ, ಸಾವಿನಲ್ಲಾಗಲಿ ಕರೆದ ಗುಂಪಿಗೂ ಕರೆಯದ ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೆನಡಾದವರು ಹಿರಿಯರಾಗಿದ್ದರು, ಅಪಾಯ ಜಾಸ್ತಿ ಇದ್ದವರು. ಅದೊಂದು ಕಾರಣ ನಿಜ. ಆದರೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ಅಲ್ಲಿ ನಂಬರು ಅಂಗಡಿಯಲ್ಲೇ ಉಳಿಯಲಿಲ್ಲ. ಮಾತ್ರೆ ಬರೆಯುವ, ಬದಲಿಸುವ ಡಾಕ್ಟರ ಮೇಜಿಗೆ ಅದು ಹೋಯಿತು. ಹೊಲ ನೋಡಿ ಬಂದ ಮಾತ್ರಕ್ಕೆ ಬೆಳೆ ಬರುತ್ತದೆಯೇ? ಅಳೆಯುವುದು ಸುಲಭ. ಅಳೆದ ಮೇಲೆ ಏನು ಮಾಡುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಅಮೆರಿಕದ ಲಾಸ್ ಏಂಜಲೀಸಿನದು. 2018ರಲ್ಲಿ ಪ್ರಕಟವಾಯಿತು. ಡಾ. ರೊನಾಲ್ಡ್ ವಿಕ್ಟರ್ ಅನ್ನುವ ಹೃದಯ ತಜ್ಞರು ಮುಂದೆ ನಿಂತು ಮಾಡಿದ್ದು. ಅಲ್ಲಿ ಕಪ್ಪು ಜನಾಂಗದ ಗಂಡಸರಿಗೆ ಬಿಪಿ ಕಾಟ ಜಾಸ್ತಿ, ಅವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆ. ಆದರೆ ಕಟಿಂಗ್ ಶಾಪಿಗೆ ತಪ್ಪದೆ ಹೋಗುತ್ತಾರೆ, ವರ್ಷಗಟ್ಟಲೆ ಒಬ್ಬನೇ ಕ್ಷೌರಿಕನ ಹತ್ತಿರ. ಹಾಗಾಗಿ 52 ಕಟಿಂಗ್ ಶಾಪುಗಳಲ್ಲಿ, ಬಿಪಿ ಜಾಸ್ತಿ ಇದ್ದ 319 ಗಂಡಸರ ಮೇಲೆ ಪ್ರಯೋಗ ಮಾಡಿದರು. ಸುಮಾರು ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು ಊಟ ಉಪಚಾರದ ಮಾತು ಹೇಳಿ, ಡಾಕ್ಟರ ಹತ್ತಿರ ಹೋಗಿ ಅಂತ ಹುರಿದುಂಬಿಸಿದರು. ಇನ್ನರ್ಧದಲ್ಲಿ ಫಾರ್ಮಸಿಸ್ಟರೇ ಅಂಗಡಿಗೆ ಬಂದು, ಡಾಕ್ಟರ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ಮಾತ್ರೆ ಬರೆದು, ಹೆಚ್ಚು ಕಡಿಮೆ ಮಾಡಿದರು. ಆರು ತಿಂಗಳಿಗೆ ಮೊದಲ ಗುಂಪಿನ ಮೇಲಿನ ಬಿಪಿ 9 ಪಾಯಿಂಟ್ ಇಳಿಯಿತು. ಎರಡನೆಯ ಗುಂಪಿನದು 27! ಎರಡೂ ಕಡೆ ಅದೇ ಕಟಿಂಗ್ ಶಾಪು, ಅದೇ ನಂಬಿಕೆ. ವ್ಯತ್ಯಾಸ ಮಾಡಿದ್ದು ಮಾತ್ರೆ, ಮತ್ತು ಮಾತ್ರೆಯ ಹಿಂದೆ ಬಿದ್ದ ಫಾರ್ಮಸಿಸ್ಟ್. ಕೆನಡಾದ ಆಲ್ಬರ್ಟಾದಲ್ಲೂ 2016ರಲ್ಲಿ ಇಂಥದೇ ಫಲ ಬಂತು. ಅಲ್ಲಿ ತರಬೇತಿ ಪಡೆದ ಫಾರ್ಮಸಿಸ್ಟರಿಗೆ ಔಷಧ ಬರೆಯುವ ಅಧಿಕಾರವಿದೆ.

ಆ ಅಧಿಕಾರ ನಮಗಿಲ್ಲ. ನಮ್ಮಲ್ಲಿ ಡಾಕ್ಟರ ಚೀಟಿ ಇಲ್ಲದೆ ಬಿಪಿ ಮಾತ್ರೆ ಕೊಡುವಂತಿಲ್ಲ, ಕೊಡಲೂಬಾರದು. ಬೇಕು ಅಂತ ನಾನು ಇವತ್ತು ಕೇಳುತ್ತಲೂ ಇಲ್ಲ. ನಮಗೆ ಒಂಟಾರಿಯೋದ ದಾರಿ ಸಾಕು. ನೋಡು, ಬರೆದುಕೊಡು, ಡಾಕ್ಟರಿಗೆ ತಲುಪಿಸು, ಮತ್ತೆ ಕೇಳು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟನ ಕೆಲಸ ಅಂತಲೇ ಹೇಳಿವೆ.

ಇಂಗ್ಲೆಂಡಿನವರು ಇದನ್ನು ಸರ್ಕಾರಿ ಯೋಜನೆಯಾಗಿಯೇ ಮಾಡಿದ್ದಾರೆ. 2021ರ ಅಕ್ಟೋಬರಿನಿಂದ ಅಲ್ಲಿ 40 ದಾಟಿದ, ಬಿಪಿ ಇದೆ ಅಂತ ಗೊತ್ತಿಲ್ಲದ ಯಾರಾದರೂ ಫಾರ್ಮಸಿಗೆ ಹೋಗಿ ಪುಕ್ಕಟೆ ಬಿಪಿ ನೋಡಿಸಿಕೊಳ್ಳಬಹುದು. ಕೌಂಟರಿನಲ್ಲಿ ಎಲ್ಲರ ಮುಂದೆ ಅಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ 24 ಗಂಟೆ ತೋಳಿಗೆ ಕಟ್ಟಿಕೊಂಡು ಓಡಾಡುವ ಮೆಷಿನ್ ಕೊಡುತ್ತಾರೆ. 180/120 ದಾಟಿದರೆ ಅವತ್ತೇ ಡಾಕ್ಟರ ಹತ್ತಿರ. ಫಲಿತಾಂಶ ರೋಗಿಯ ಡಾಕ್ಟರಿಗೆ ಹೋಗುತ್ತದೆ. ಪ್ರತಿ ತಪಾಸಣೆಗೂ ಸರ್ಕಾರ ಫಾರ್ಮಸಿಗೆ ಹಣ ಕೊಡುತ್ತದೆ. ಈ ಕೊನೆಯ ಮಾತು ನನಗೆ ಮುಖ್ಯ ಅನಿಸುತ್ತದೆ. ಕೆಲಸ ಅಂದ ಮೇಲೆ ಅದಕ್ಕೆ ಬೆಲೆ ಕಟ್ಟಬೇಕು. ನಮ್ಮಲ್ಲೂ ಒಂದು ದಿನ ಇದು ಬರಬೇಕು ಅಂತ ನನ್ನ ಆಸೆ.

ಈಗ ನಮ್ಮ ಅಂಗಡಿಗೆ ಬರೋಣ. ಮೊದಲು ಬಿಪಿ ಸರಿಯಾಗಿ ನೋಡುವುದು. ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಬರೆದುಕೊಳ್ಳಿ.

ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದವರು ಕೌಂಟರಿಗೆ ಒರಗಿ ನಿಂತು ತೋಳು ಚಾಚುತ್ತಾರೆ. ನಾವು ಅಂಗಿಯ ಮೇಲೇ ಪಟ್ಟಿ ಸುತ್ತಿ ಬಟನ್ ಒತ್ತುತ್ತೇವೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾರೆ. ಆ ನಂಬರಿಗೆ ಅರ್ಥವೇ ಇಲ್ಲ. ಒಂದು ಕುರ್ಚಿ ಹಾಕಿ, ಬೆನ್ನು ಒರಗುವಂಥದ್ದು. ಐದು ನಿಮಿಷ ಸುಮ್ನೆ ಕೂರಲಿ. ಕಾಲು ನೆಲದ ಮೇಲೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಬರಿದಾಗಿರಲಿ, ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಲಿ. ತೋಳು ಜೋತುಬಿದ್ದರೆ ನಂಬರು ಮೇಲೆ ಹೋಗುತ್ತದೆ. ಪಟ್ಟಿ ಚಿಕ್ಕದಾದರೂ ಮೇಲೆ ಹೋಗುತ್ತದೆ, ಹಾಗಾಗಿ ದಪ್ಪ ತೋಳಿನವರಿಗೆ ಅಂತ ಒಂದು ದೊಡ್ಡ ಪಟ್ಟಿ ಇಟ್ಟುಕೊಳ್ಳಿ. ಅರ್ಧ ಗಂಟೆ ಒಳಗೆ ಕಾಫಿ ಕುಡಿದಿದ್ದರೆ, ಬೀಡಿ ಸೇದಿದ್ದರೆ ಸ್ವಲ್ಪ ತಡೆದು ನೋಡಿ. ಮೂತ್ರ ಕಟ್ಟಿಕೊಂಡು ಕೂತಿದ್ದರೂ ಜಾಸ್ತಿ ಬರುತ್ತದೆ. ನೋಡುವಾಗ ಅವರೂ ಮಾತಾಡಬಾರದು, ನಾವೂ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡನ್ನೂ ಬರೆಯಿರಿ. ಮೆಷಿನ್ ತೋಳಿನದೇ ಇರಲಿ, ಮಣಿಕಟ್ಟಿನದು ಬೇಡ. ವರ್ಷಕ್ಕೊಮ್ಮೆಯಾದರೂ ಅದು ಸರಿ ಇದೆಯಾ ಅಂತ ಪರೀಕ್ಷೆ ಮಾಡಿಸಿ.

ಒಂದು ದಿನ 150 ಬಂತು ಅಂತ ಅವರಿಗೆ ಬಿಪಿ ಕಾಯಿಲೆ ಇದೆ ಅಂತ ನಾವು ಹೇಳುವ ಹಾಗಿಲ್ಲ. ಹೇಳಬೇಡಿ. "ಇವತ್ತು ಜಾಸ್ತಿ ಇದೆ ಸಾರ್, ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ" ಅನ್ನಿ.

ಬಿಪಿ ಒಂದೇ ಪೂರ್ತಿ ಚಿತ್ರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊಸ ಚಾರ್ಟುಗಳನ್ನು ಹೊರತಂದಿದೆ, ದಕ್ಷಿಣ ಏಷ್ಯಾಕ್ಕೇ ಅಂತ ಬೇರೆ ಇದೆ. ಅದರಲ್ಲಿ ರಕ್ತ ಪರೀಕ್ಷೆ ಬೇಡದ ಒಂದು ಚಾರ್ಟ್ ಇದೆ. ವಯಸ್ಸು, ಗಂಡೋ ಹೆಣ್ಣೋ, ಬೀಡಿ ಸಿಗರೇಟು ಸೇದುತ್ತಾರಾ, ಮೇಲಿನ ಬಿಪಿ ಎಷ್ಟು, ಎತ್ತರಕ್ಕೆ ತಕ್ಕ ತೂಕ ಇದೆಯಾ, ಇಷ್ಟೇ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ ಶೇಕಡ ಎಷ್ಟು ಅಂತ ಬಣ್ಣದಲ್ಲಿ ತೋರಿಸುತ್ತದೆ. ಅದು 40 ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಅಳತೆ ಟೇಪು ಸಾಕು. ನಮ್ಮವರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ಪಕ್ಕದಲ್ಲಿ ಜನ ನಿಂತಿರುವಾಗ ಯಾರ ಸೊಂಟವನ್ನೂ ಅಳೆಯಬೇಡಿ. ಇಂಗ್ಲೆಂಡಿನವರು ಕೋಣೆ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ನಮಗೆ ಕೋಣೆ ಇಲ್ಲದಿದ್ದರೆ ಒಂದು ಪರದೆಯಾದರೂ ಇರಲಿ.

ಆಮೇಲೆ ನಮಗೆ ಮಾತ್ರ ಕಾಣುವ ಕೆಲವು ಸಂಗತಿಗಳಿವೆ. ವಾರಕ್ಕೊಂದು ಸ್ಟ್ರಿಪ್ ನೋವಿನ ಮಾತ್ರೆ ಒಯ್ಯುವವರು ಯಾರು ಅಂತ ನಮಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಗ್ಗಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳೂ ಬಿಪಿ ಏರಿಸುತ್ತವೆ. ನೀರಿಗೆ ಹಾಕಿದರೆ ನೊರೆ ಉಕ್ಕುವ ಗ್ಯಾಸ್ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಬಿಪಿ ಇರುವವರು ದಿನಾ ಅದನ್ನು ಕುಡಿಯುತ್ತಿದ್ದರೆ ಉಪ್ಪಿನಕಾಯಿ ಬಿಟ್ಟು ಏನು ಬಂತು?

ಇದಕ್ಕಿಂತ ದೊಡ್ಡದು ಮಾತ್ರೆ ನಿಲ್ಲಿಸುವವರದು. ತಿಂಗಳಿಗೆ ಮೂವತ್ತು ಒಯ್ಯುತ್ತಿದ್ದವರು ಹತ್ತು ಒಯ್ಯಲು ಶುರು ಮಾಡುತ್ತಾರೆ. ಆಮೇಲೆ ಬರುವುದೇ ಇಲ್ಲ. ಬಿಪಿ ನಾರ್ಮಲ್ ಬಂತು, ಇನ್ಯಾಕೆ ಮಾತ್ರೆ ಅನ್ನುತ್ತಾರೆ. ಮಾತ್ರೆ ತಿನ್ನುತ್ತಿರುವುದಕ್ಕೇ ಅದು ನಾರ್ಮಲ್ ಬಂದಿದ್ದು ಅಂತ ಹೇಳಲು ಅಲ್ಲಿ ನಮ್ಮನ್ನು ಬಿಟ್ಟು ಯಾರೂ ಇಲ್ಲ. ಕೆಲವರಿಗೆ ದುಡ್ಡಿನ ಕಷ್ಟ, ಬಾಯಿಬಿಟ್ಟು ಹೇಳುವುದಿಲ್ಲ. ಅಂಥವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಬಿಪಿ ಮಾತ್ರೆ ಉಚಿತ ಅಂತ ಹೇಳಿ. ನಮ್ಮ ಒಂದು ಗಿರಾಕಿ ಹೋಗಬಹುದು, ಹೋಗಲಿ. ಅವರು ಮಾತ್ರೆ ತಿನ್ನಲಿ.

ಈ ಕೊಂಡಿಯೇ ನನ್ನ ಪ್ರಕಾರ ಮುಖ್ಯ. ಸರ್ಕಾರದ ತಪಾಸಣೆ 30 ದಾಟಿದವರಿಗೆಲ್ಲ ಇದೆ. ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು, ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಒಳ್ಳೆಯ ಕೆಲಸ. ಆದರೆ ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಆಟೋ ಓಡಿಸುವವರು, ಗಾರೆ ಕೆಲಸದವರು, ಲಾರಿ ಡ್ರೈವರುಗಳು ಇರುವುದಿಲ್ಲ. ಅವರು ರಾತ್ರಿ ಎಂಟರ ಮೇಲೆ ನಮ್ಮ ಅಂಗಡಿಯ ಮುಂದೆ ಇರುತ್ತಾರೆ. ಹಾಗಾಗಿ ನಿಮ್ಮ ಊರಿನ ವೈದ್ಯಾಧಿಕಾರಿಗಳನ್ನು, ಹತ್ತಿರದ ಕ್ಲಿನಿಕ್ಕಿನ ಡಾಕ್ಟರನ್ನು ಒಮ್ಮೆ ಹೋಗಿ ಮಾತಾಡಿಸಿ. "ನಾವು ಬಿಪಿ ನೋಡಿ ಚೀಟಿ ಕೊಟ್ಟು ಕಳಿಸುತ್ತೇವೆ, ನೀವು ನೋಡಿ" ಅಂತ ಒಪ್ಪಂದ ಮಾಡಿಕೊಳ್ಳಿ. ಚೀಟಿಯಲ್ಲಿ ಹೆಸರು, ದಿನಾಂಕ, ಹೊತ್ತು, ಎರಡೂ ರೀಡಿಂಗ್, ತಂಬಾಕು ಇದೆಯೋ ಇಲ್ಲವೋ, ಈಗ ತಿನ್ನುತ್ತಿರುವ ಮಾತ್ರೆಗಳು, ನಿಮ್ಮ ಅಂಗಡಿಯ ಸೀಲು. ಅವರ ಒಪ್ಪಿಗೆ ಕೇಳಿ ಫೋನ್ ನಂಬರ್ ಬರೆದುಕೊಳ್ಳಿ. ಎರಡು ವಾರಕ್ಕೆ ಒಂದು ಫೋನ್ ಮಾಡಿ, "ಹೋಗಿದ್ರಾ?" ಅಂತ. ಆ ಒಂದು ಫೋನ್ ಇಲ್ಲದಿದ್ದರೆ ನಾವು ಮಾಡಿದ್ದು ಡೆನ್ಮಾರ್ಕಿನ ಕಥೆ ಆಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಅಂಗಡಿಯವರು ಕೇಳಿದರು: "ಸಂಜೆ ಹೊತ್ತು ಗಿರಾಕಿಗಳ ನೂಕುನುಗ್ಗಲು. ಒಬ್ಬರಿಗೆ ಹತ್ತು ನಿಮಿಷ ಎಲ್ಲಿಂದ ತರೋದು?" ನಿಜವಾದ ಕಷ್ಟ. ಎಲ್ಲರಿಗೂ ಮಾಡುವುದು ಬೇಡ. 40 ದಾಟಿದ್ದು ಹಿಂದೆಂದೂ ಬಿಪಿ ನೋಡಿಸದವರು, ತಂಬಾಕು ಇರುವವರು, ಶುಗರ್ ಇರುವವರು, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರು, ಇವರಿಗೆ ಮೊದಲು. ಮಧ್ಯಾಹ್ನ ಅಂಗಡಿ ಖಾಲಿ ಇರುವ ಒಂದು ಗಂಟೆ ಇಟ್ಟುಕೊಳ್ಳಿ, ಸಂಜೆ ಬಂದವರಿಗೆ ಆ ಹೊತ್ತಿಗೆ ಬರಲು ಹೇಳಿ. ಸಂಜೆ ಮಾತ್ರ ಬರಲು ಆಗುವವರಿಗೆ ಪಕ್ಕದಲ್ಲಿ ಕುರ್ಚಿ ಹಾಕಿ. ಐದು ನಿಮಿಷ ಅವರು ಸುಮ್ಮನೆ ಕೂರಲೇಬೇಕಲ್ಲ, ಅಷ್ಟರಲ್ಲಿ ನೀವು ಇನ್ನಿಬ್ಬರಿಗೆ ಮಾತ್ರೆ ಕೊಡಬಹುದು.

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದಳು: "ಸಾರ್, 190/120 ಬಂದರೆ ನಾವೇನು ಮಾಡಬೇಕು?" ಮೊದಲು ಗಾಬರಿ ತೋರಿಸಬೇಡಿ, ಅದರಿಂದಲೇ ಇನ್ನಷ್ಟು ಏರುತ್ತದೆ. ಐದು ನಿಮಿಷ ಕೂಡಿಸಿ ಮತ್ತೆ ನೋಡಿ. ಎದೆನೋವು, ಉಬ್ಬಸ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಜೋರು ತಲೆನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಯಾವುದೂ ಇಲ್ಲದಿದ್ದರೂ ಅವತ್ತೇ ಡಾಕ್ಟರು ನೋಡಬೇಕು. ಅವರೇ ಗಾಡಿ ಓಡಿಸಿಕೊಂಡು ಹೋಗುವುದು ಬೇಡ, ಮನೆಯವರನ್ನು ಕರೆಸಿ. ಹಿಂದೆ ಇಂಥವರಿಗೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಗೆ ಕೆಳಗೆ ಹಾಕುವ ಪದ್ಧತಿ ಇತ್ತು. ಯಾರಾದರೂ ಹಳಬರು ಹಾಗೆ ಮಾಡು ಅಂದರೆ ಮಾಡಬೇಡ. ಬಿಪಿ ಒಮ್ಮೆಲೇ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದದ್ದುಂಟು. ನಮ್ಮ ಕೈಯಿಂದ ಯಾವ ಮಾತ್ರೆಯೂ ಬೇಡ. ಚೀಟಿ ಬರೆದು ಅವರ ಕೈಗೆ ಕೊಡು. ಡಾಕ್ಟರಿಗೆ ಫೋನ್ ಮಾಡಿ, ಇಂಥವರು ಬರುತ್ತಿದ್ದಾರೆ ಅಂತ ತಿಳಿಸು. ಸಂಜೆ ಅಂಗಡಿ ಮುಚ್ಚುವ ಮೊದಲು ಅವರು ಹೋದರಾ ಅಂತ ಮನೆಗೂ ಒಂದು ಫೋನ್ ಮಾಡು.